55ನೇ ನಂಬರಿನ ಜಮೀನು: ಸಿಸ್ಟರ್ ಡೊರೊಥಿ ಸ್ಟ್ಯಾಂಗ್ ಅವರ ಚೀಲದಲ್ಲಿದ್ದ ಕಾಗದಗಳು

ಹೊಸದಾಗಿ ಟೈಪ್ ಮಾಡಿದ ಭೂಪತ್ರವನ್ನು ಒಂದು ಪೆಟ್ಟಿಗೆಯಲ್ಲಿ ಇಡಬೇಕು. ಒಂದಷ್ಟು ಜೀವಂತ ಜೀರುಂಡೆಗಳನ್ನು ಅದರೊಳಗೆ ಬಿಟ್ಟು ಮುಚ್ಚಳ ಹಾಕಬೇಕು. ಕೆಲವು ವಾರ ಬಿಟ್ಟು ತೆಗೆದರೆ ಕಾಗದ ಹಳದಿಗಟ್ಟಿರುತ್ತದೆ, ಅಂಚು ತಿಂದುಹೋಗಿರುತ್ತದೆ, ಅಲ್ಲಲ್ಲಿ ಹಿಕ್ಕೆಯ ಕಲೆ ಬಿದ್ದಿರುತ್ತದೆ. ಮೊನ್ನೆ ಹುಟ್ಟಿದ ಪತ್ರ ಮುತ್ತಜ್ಜನ ಕಾಲದ್ದಾಗಿಬಿಡುತ್ತದೆ. ನಕಲಿ ದಾಖಲೆ ಹುಟ್ಟಿಸಿ ಸರ್ಕಾರಿ ಜಮೀನು ನುಂಗುವುದಕ್ಕೆ ಬ್ರೆಜಿಲ್‌ನಲ್ಲಿ ‘ಗ್ರಿಲಾಜೆಂ’ ಎಂಬ ಹೆಸರು ಬಂದದ್ದು ಹೀಗೆ ಎನ್ನುತ್ತಾರೆ. ಪೋರ್ಚುಗೀಸ್ ಭಾಷೆಯಲ್ಲಿ ‘ಗ್ರಿಲೊ’ ಎಂದರೆ ಜೀರುಂಡೆ. ಈಗ ಆ ಹುಳು ಹಿಡಿಯುವ ಕಷ್ಟ ಯಾರಿಗೂ ಬೇಕಾಗಿಲ್ಲ. ಹೆಸರು ಮಾತ್ರ ಉಳಿದಿದೆ, ಕಸುಬೂ ಉಳಿದಿದೆ.

2005ರ ಫೆಬ್ರವರಿ 12ರ ಬೆಳಿಗ್ಗೆ ಬ್ರೆಜಿಲ್‌ನ ಪಾರಾ ರಾಜ್ಯದಲ್ಲಿ, ಅಮೆಜಾನ್ ಕಾಡಿನ ಒಂದು ಮಣ್ಣುರಸ್ತೆಯಲ್ಲಿ, 73 ವರ್ಷದ ಕ್ಯಾಥೊಲಿಕ್ ಧರ್ಮಭಗಿನಿಯೊಬ್ಬರನ್ನು ಇಬ್ಬರು ಅಡ್ಡಗಟ್ಟಿ ಗುಂಡಿಟ್ಟು ಕೊಂದರು. ಹೆಸರು ಡೊರೊಥಿ ಸ್ಟ್ಯಾಂಗ್. ಜಗತ್ತಿಗೆ ತಲುಪಿದ್ದು ಒಂದೇ ಚಿತ್ರ: ಬೈಬಲ್ ಹಿಡಿದ ಮುದುಕಿ, ಎದುರಿಗೆ ಪಿಸ್ತೂಲು. ಚಿತ್ರ ಸುಳ್ಳಲ್ಲ. ಆದರೆ ಬೈಬಲ್ ಓದಿದರೆಂದು ಆ ನಾಡಿನಲ್ಲಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಅದು ಹೆಚ್ಚುಕಡಿಮೆ ಊರಿಗೆ ಊರೇ ಚರ್ಚಿಗೆ ಹೋಗುವ ನಾಡು. ಸಿಸ್ಟರ್ ಡೊರೊಥಿ ಹೋದಲ್ಲೆಲ್ಲ ಒಯ್ಯುತ್ತಿದ್ದ ಚೀಲದಲ್ಲಿ ಬೈಬಲ್ಲಿನ ಜೊತೆಗೆ ನಕ್ಷೆಗಳಿರುತ್ತಿದ್ದವು, ಸರ್ಕಾರಿ ಕಾಗದಗಳ ಪ್ರತಿಗಳಿರುತ್ತಿದ್ದವು. ಜೀರುಂಡೆ ಪೆಟ್ಟಿಗೆಯ ಕಾಗದಕ್ಕೂ ಈ ಚೀಲದ ಕಾಗದಕ್ಕೂ ನಡೆದ ಜಗಳದಲ್ಲಿ ಅವರು ಸತ್ತರು. ಆ ಜಗಳವನ್ನು ಬಿಡಿಸಿ ನೋಡದೆ ಅವರನ್ನು ‘ಕಾಡಿನ ಸಂತ’ ಎಂದು ಹೊಗಳಿ ಕೈತೊಳೆದುಕೊಳ್ಳುವುದು ಸುಲಭ, ಅಷ್ಟೇ.

ಕಲಿಸಲು ಹೊರಟವರು

ಡೊರೊಥಿ ಹುಟ್ಟಿದ್ದು 1931ರ ಜೂನ್ 7ರಂದು, ಅಮೆರಿಕದ ಓಹಾಯೊ ರಾಜ್ಯದ ಡೇಟನ್ ನಗರದಲ್ಲಿ. ಒಂಬತ್ತು ಮಕ್ಕಳಿದ್ದ ಮನೆ. 1948ರಲ್ಲಿ ‘ಸಿಸ್ಟರ್ಸ್ ಆಫ್ ನೋತ್ರ್ ದಾಮ್ ದ ನಾಮೂರ್’ ಎಂಬ ಧಾರ್ಮಿಕ ಸಭೆಯನ್ನು ಸೇರಿದಾಗ ಅವರಿಗೆ ಹದಿನೇಳು ವರ್ಷ.

ಇಲ್ಲಿ ಒಂದು ವಿಷಯ ಸ್ಪಷ್ಟಪಡಿಸಬೇಕು. ‘ನನ್’ ಎಂದ ಕೂಡಲೇ ಎತ್ತರದ ಗೋಡೆಯ ಮಠ, ಮೌನ, ದಿನವಿಡೀ ಪ್ರಾರ್ಥನೆ ನೆನಪಾಗುತ್ತದೆ. ಅಂಥ ಮಠವಾಸಿನಿಯರೂ ಇದ್ದಾರೆ. ಆದರೆ ನಾವು ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ಕಾಣುವ ಸಿಸ್ಟರ್‌ಗಳ ದಾರಿ ಬೇರೆ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತ ಇಬ್ಬರಿಗೂ ಒಂದೇ. ಎರಡನೆಯವರ ಕೆಲಸ ಮಾತ್ರ ಗೋಡೆಯ ಆಚೆ. ಡೊರೊಥಿ ಸೇರಿದ ಸಭೆಯನ್ನು 1804ರಲ್ಲಿ ಫ್ರಾನ್ಸಿನ ಆಮಿಯೆನ್ಸ್‌ನಲ್ಲಿ ಕಟ್ಟಿದವರು ಜೂಲಿ ಬಿಲ್ಯಾರ್ ಎಂಬ ಮಹಿಳೆ. ಸಭೆ ಹುಟ್ಟಿದ್ದೇ ಬಡ ಹೆಣ್ಣುಮಕ್ಕಳಿಗೆ ಓದು ಕಲಿಸುವುದಕ್ಕೆ. ಹಾಗಾಗಿ ಡೊರೊಥಿ ಮೊದಲಿಗೆ ಟೀಚರ್. ಶಿಕಾಗೊ ಸುತ್ತಮುತ್ತ, ಆಮೇಲೆ ಅರಿಜೋನಾದ ಫೀನಿಕ್ಸ್‌ನಲ್ಲಿ ಪ್ರಾಥಮಿಕ ಶಾಲೆ ಮಕ್ಕಳಿಗೆ ಪಾಠ ಹೇಳಿದರು. ಫೀನಿಕ್ಸ್‌ನ ಹೊಲಗಳಿಗೆ ಮೆಕ್ಸಿಕೊದಿಂದ ಕೂಲಿಗೆ ಬರುತ್ತಿದ್ದ ವಲಸೆ ಕುಟುಂಬಗಳ ಪರಿಚಯ ಅವರಿಗಾದದ್ದು ಆಗಲೇ.

1961ರಲ್ಲಿ ವ್ಯಾಟಿಕನ್ ಉತ್ತರ ಅಮೆರಿಕದ ಧಾರ್ಮಿಕ ಸಭೆಗಳಿಗೆ ಒಂದು ಕರೆ ಕೊಟ್ಟಿತು: ನಿಮ್ಮಲ್ಲಿ ನೂರಕ್ಕೆ ಹತ್ತು ಮಂದಿಯನ್ನು ಹತ್ತು ವರ್ಷದೊಳಗೆ ಲ್ಯಾಟಿನ್ ಅಮೆರಿಕಕ್ಕೆ ಕಳಿಸಿ. ಕ್ಯೂಬಾದ ಕ್ರಾಂತಿ ಆಗಿ ಎರಡು ವರ್ಷವಾಗಿತ್ತು; ಆ ಕರೆಯ ಹಿಂದೆ ಕರುಣೆಯಷ್ಟೇ ಕಮ್ಯುನಿಸಂ ಬಗೆಗಿನ ಭಯವೂ ಇತ್ತು. ಕಳಿಸಿದವರು ಅಂದುಕೊಂಡದ್ದು ಒಂದು, ಆದದ್ದು ಇನ್ನೊಂದು. ಹೋದವರಲ್ಲಿ ಅನೇಕರು ಅಲ್ಲಿನ ಬಡತನ ಕಂಡು, ಕಳಿಸಿದವರಿಗೇ ಮುಜುಗರವಾಗುವಂಥ ಪ್ರಶ್ನೆ ಕೇಳತೊಡಗಿದರು.

1966ರಲ್ಲಿ ಡೊರೊಥಿ ಬ್ರೆಜಿಲ್‌ನ ಮರನ್ಯಾವೊ ರಾಜ್ಯದ ಕೊರೊಅತಾ ಎಂಬ ಊರಿಗೆ ಬಂದಿಳಿದಾಗ ದೇಶದಲ್ಲಿ ಸೇನಾ ಆಡಳಿತ ಶುರುವಾಗಿ ಎರಡು ವರ್ಷವಾಗಿತ್ತು. ಅದು ಮುಗಿಯಲು ಇನ್ನೂ ಹತ್ತೊಂಬತ್ತು ವರ್ಷ ಬೇಕಿತ್ತು. ಕೊರೊಅತಾದ ಜಮೀನೆಲ್ಲ ಕೆಲವೇ ಮನೆತನಗಳ ಕೈಯಲ್ಲಿತ್ತು. ಉಳಿದವರು ಉಳುವವರು. ಬೆಳೆದದ್ದರಲ್ಲಿ ಪಾಲು ಕೊಡಬೇಕು, ಹೊರಡು ಎಂದರೆ ಹೊರಡಬೇಕು.

ವಿಮೋಚನೆಯ ಮಾತು

ಇದೇ ಕಾಲಕ್ಕೆ ಚರ್ಚಿನೊಳಗೂ ಗಾಳಿ ಬದಲಾಗುತ್ತಿತ್ತು. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸಭೆಗಳಿಗೆ ‘ನಿಮ್ಮ ಮೂಲ ಪುರುಷರು, ಮೂಲ ಸ್ತ್ರೀಯರು ಯಾತಕ್ಕಾಗಿ ಶುರುಮಾಡಿದರೋ ಅಲ್ಲಿಗೆ ಹಿಂದಿರುಗಿ’ ಎಂಬರ್ಥದ ಸೂಚನೆ ಕೊಟ್ಟಿತು. 1968ರಲ್ಲಿ ಕೊಲಂಬಿಯಾದ ಮೆಡೆಯೀನ್‌ನಲ್ಲಿ ಸೇರಿದ ಲ್ಯಾಟಿನ್ ಅಮೆರಿಕದ ಬಿಷಪ್‌ಗಳು, ಬಡತನ ದೇವರ ಇಚ್ಛೆಯಲ್ಲ, ಮನುಷ್ಯರು ಕಟ್ಟಿದ ಅನ್ಯಾಯದ ವ್ಯವಸ್ಥೆಯ ಫಲ ಎಂದರು. ಇದರ ಸುತ್ತ ಬೆಳೆದ ಚಿಂತನೆಗೆ ವಿಮೋಚನಾ ದೇವತಾಶಾಸ್ತ್ರ ಎಂದು ಹೆಸರು. ಮಾರ್ಕ್ಸ್‌ವಾದಕ್ಕೆ ಶಿಲುಬೆ ತೊಡಿಸಿದ್ದಾರೆ ಎಂದು ವ್ಯಾಟಿಕನ್ನಿನಲ್ಲೇ ಆಮೇಲೆ ಇದಕ್ಕೆ ವಿರೋಧ ಬಂತು. ಆ ವಾದವಿವಾದ ದೊಡ್ಡದು, ಇಲ್ಲಿ ಬೇಡ.

ಹಳ್ಳಿಯಲ್ಲಿ ಇದು ಹೇಗೆ ಕಾಣುತ್ತಿತ್ತು ಎಂಬುದು ಮುಖ್ಯ. ಪಾದ್ರಿ ವರ್ಷಕ್ಕೊಮ್ಮೆ ಬಂದರೆ ಹೆಚ್ಚು ಎಂಬಂಥ ಜಾಗಗಳವು. ಹತ್ತಿಪ್ಪತ್ತು ಮನೆಯವರು ಒಂದು ಚಪ್ಪರದಡಿ ಸೇರುತ್ತಾರೆ. ಬೈಬಲ್ಲಿನ ಒಂದು ಭಾಗವನ್ನು ಯಾರೋ ಒಬ್ಬರು ಅಕ್ಷರ ಕೂಡಿಸಿ ಓದುತ್ತಾರೆ. ಆಮೇಲೆ ಪ್ರಶ್ನೆ: ಇದು ನಮ್ಮ ಬದುಕಿನಲ್ಲಿ ಎಲ್ಲಿದೆ? ಮಾತು ಗುಲಾಮರಾಗಿದ್ದ ತನ್ನ ಜನರನ್ನು ಬಿಡಿಸಿದ ಮೋಶೆ, ಅವರನ್ನು ದುಡಿಸಿದ ದೊರೆ ಫರೋಹ ಎಂದು ಶುರುವಾಗಿ ಜಮೀನ್ದಾರನ ತಕ್ಕಡಿಗೆ ಬಂದು ನಿಲ್ಲುತ್ತದೆ. ಇವಕ್ಕೆ ‘ತಳಮಟ್ಟದ ಕ್ರೈಸ್ತ ಸಮುದಾಯ’ ಎನ್ನುತ್ತಾರೆ. ಡೊರೊಥಿ ಬದುಕಿನುದ್ದಕ್ಕೂ ಮಾಡಿದ ಕೆಲಸದ ಅಡಿಪಾಯ ಇದೇ. ಅಕ್ಷರ ಕಲಿಸು, ಗುಂಪು ಕಟ್ಟು, ಕಾಗದ ಓದಿಸು. ಟೀಚರ್ ಕೆಲಸವನ್ನು ಅವರು ಬಿಟ್ಟದ್ದೇ ಇಲ್ಲ ಎಂದರೂ ನಡೆಯುತ್ತದೆ; ಪಠ್ಯ ಬದಲಾಯಿತು, ಅಷ್ಟೇ.

ಜನರಿಲ್ಲದ ನೆಲ ಎಂಬ ಸುಳ್ಳು

ಈಗ ರಸ್ತೆಯ ವಿಷಯಕ್ಕೆ ಬರೋಣ. ಎಲ್ಲ ಗೋಜಲೂ ಶುರುವಾದದ್ದು ಅಲ್ಲಿಂದ.

1970ರಲ್ಲಿ ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಭೀಕರ ಬರ ಬಿತ್ತು. ಅಧ್ಯಕ್ಷರಾಗಿದ್ದ ಜನರಲ್ ಮೆಡಿಸಿ, ಅಮೆಜಾನ್ ಕಾಡನ್ನು ಪೂರ್ವದಿಂದ ಪಶ್ಚಿಮಕ್ಕೆ ಸೀಳುವ ಟ್ರಾನ್ಸ್‌ಅಮೆಜಾನ್ ಹೆದ್ದಾರಿಯನ್ನು ಘೋಷಿಸಿದರು. ‘ನೆಲವಿಲ್ಲದ ಜನರಿಗೆ ಜನರಿಲ್ಲದ ನೆಲ’ ಎಂಬುದು ಘೋಷಣೆ. ಕೇಳಲು ಇಂಪಾಗಿದೆ. ಆದರೆ ಆ ನೆಲದಲ್ಲಿ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಇದ್ದರು. ಅವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಇನ್ನು ನೆಲವಿಲ್ಲದವರಿಗೆ ನೆಲ ಕೊಡಲು ಈಶಾನ್ಯದ ಜಮೀನ್ದಾರರ ಜಮೀನು ಮುಟ್ಟಬೇಕಾಗಿತ್ತು. ಅದರ ಬದಲು ಕಾಡು ಕಡಿಯುವುದು ಸರ್ಕಾರಕ್ಕೆ ಸಲೀಸು.

ರಸ್ತೆಯ ಎರಡೂ ಬದಿಯ ನೂರು ನೂರು ಕಿಲೋಮೀಟರ್ ಜಮೀನು ಕೇಂದ್ರ ಸರ್ಕಾರದ್ದಾಯಿತು. ಅದನ್ನು ಹಂಚುವ ಹೊಣೆ 1970ರಲ್ಲೇ ಹುಟ್ಟಿದ ‘ಇಂಕ್ರಾ’ ಎಂಬ ಭೂಸುಧಾರಣಾ ಸಂಸ್ಥೆಯದು. ಕುಟುಂಬವೊಂದಕ್ಕೆ ನೂರು ಹೆಕ್ಟೇರ್, ಅಂದರೆ ಸುಮಾರು 250 ಎಕರೆ. ಕೇಳಿದರೆ ಬಾಯಲ್ಲಿ ನೀರೂರುತ್ತದೆ. ಆದರೆ ಅಮೆಜಾನಿನ ಬಹುಪಾಲು ಮಣ್ಣಿನಲ್ಲಿ ಸಾರವಿಲ್ಲ. ಸಾರವೆಲ್ಲ ಮರದಲ್ಲಿ, ಎಲೆಯಲ್ಲಿ, ಕೊಳೆಯುತ್ತಿರುವ ತರಗಿನಲ್ಲಿ ಇರುತ್ತದೆ. ಕಡಿದು ಸುಟ್ಟರೆ ಬೂದಿ ಎರಡು ಮೂರು ಬೆಳೆ ಕೊಡುತ್ತದೆ, ಆಮೇಲೆ ನೆಲ ಬಸವಳಿಯುತ್ತದೆ. ಸಾಲವಿಲ್ಲ, ಡಾಕ್ಟರಿಲ್ಲ, ಮಳೆಗಾಲದಲ್ಲಿ ಹೆದ್ದಾರಿಯೇ ಕೆಸರುಗದ್ದೆ, ಮೇಲೆ ಮಲೇರಿಯಾ. ಬಂದವರ ಸಂಖ್ಯೆ ಸರ್ಕಾರದ ಗುರಿಯ ಹತ್ತಿರಕ್ಕೂ ಮುಟ್ಟಲಿಲ್ಲ. ಬಂದವರಲ್ಲೂ ಬಹಳ ಜನ ಸೋತು ಜಾಗ ಖಾಲಿ ಮಾಡಿದರು.

ಎಪ್ಪತ್ತರ ದಶಕದ ನಡುವೆ ಸರ್ಕಾರ ಮಗ್ಗುಲು ಬದಲಿಸಿತು. ಬಡ ರೈತ ಬೇಡ, ಬಂಡವಾಳಗಾರ ಬರಲಿ. ಮೂರು ಮೂರು ಸಾವಿರ ಹೆಕ್ಟೇರ್‌ಗಳ ತುಂಡುಗಳನ್ನು ಉದ್ಯಮಿಗಳಿಗೆ ಕರಾರು ಮಾಡಿ ಕೊಟ್ಟಿತು. ಆ ಕರಾರಿನಲ್ಲಿದ್ದ ಒಂದು ಷರತ್ತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಇಡೀ ಕತೆ ಅದರ ಮೇಲೆ ನಿಂತಿದೆ: ಐದು ವರ್ಷದೊಳಗೆ ಜಮೀನನ್ನು ಅಭಿವೃದ್ಧಿ ಮಾಡಿ ತೋರಿಸಬೇಕು, ತೋರಿಸದಿದ್ದರೆ ಅದು ಸರ್ಕಾರಕ್ಕೆ ವಾಪಸು.

ಬಹಳ ಮಂದಿ ತೋರಿಸಲಿಲ್ಲ. ಸರ್ಕಾರವೂ ವಾಪಸು ಪಡೆಯಲಿಲ್ಲ. ಕರಾರುದಾರ ತನ್ನದಲ್ಲದ ಜಮೀನನ್ನು ಇನ್ನೊಬ್ಬನಿಗೆ ಮಾರಿದ, ಅವನು ಮತ್ತೊಬ್ಬನಿಗೆ. ನೋಂದಣಿ ಕಚೇರಿಗಳು ಕಣ್ಣುಮುಚ್ಚಿ ದಾಖಲಿಸಿದವು. ಪಾರಾದಲ್ಲಿ ಕೆಲವು ಕಡೆ ನೋಂದಣಿಯಾದ ಜಮೀನನ್ನೆಲ್ಲ ಕೂಡಿಸಿದರೆ ಇಡೀ ತಾಲೂಕಿನ ವಿಸ್ತೀರ್ಣಕ್ಕಿಂತ ಹೆಚ್ಚಾಗುತ್ತಿತ್ತು. ಒಂದರ ಮೇಲೊಂದು ಮಹಡಿ ಇರುವ ಜಮೀನು ಎಂದು ಅಲ್ಲಿನವರು ನಗೆಯಾಡುತ್ತಾರೆ. ಇದರ ಮೇಲೆ ಅಮೆಜಾನ್ ಅಭಿವೃದ್ಧಿಗೆಂದೇ ಇದ್ದ ‘ಸುದಾಂ’ ಎಂಬ ಸಂಸ್ಥೆಯಿಂದ ಸಬ್ಸಿಡಿ. ಅದರ ಹಗರಣಗಳು ಎಷ್ಟು ನಾರಿದವೆಂದರೆ 2001ರಲ್ಲಿ ಆ ಸಂಸ್ಥೆಯನ್ನೇ ಮುಚ್ಚಬೇಕಾಯಿತು.

ಲಾಭದ ಲೆಕ್ಕ ಇಷ್ಟು. ಮೊದಲು ಬೆಲೆಬಾಳುವ ಮರ ಕಡಿದು ಮಾರು. ಉಳಿದದ್ದಕ್ಕೆ ಬೆಂಕಿ ಹಚ್ಚು. ಬೂದಿಯ ಮೇಲೆ ಹುಲ್ಲಿನ ಬೀಜ ಚೆಲ್ಲಿ ದನ ಬಿಡು. ಹೆಕ್ಟೇರಿಗೆ ಒಂದು ದನ ಮೇಯ್ದರೆ ಹೆಚ್ಚು, ಹಾಗಾಗಿ ಮಾಂಸದಿಂದ ಬರುವ ಹಣ ದೊಡ್ಡದೇನಲ್ಲ. ಆದರೆ ದನ ನಿಂತ ನೆಲ ‘ಅನುಭವದಲ್ಲಿರುವ’ ನೆಲ. ಆ ದನಗಳು ಹಾಲಿಗಲ್ಲ, ಮಾಂಸಕ್ಕೂ ಪೂರ್ತಿಯಲ್ಲ; ಅವು ನಾಲ್ಕು ಕಾಲಿನ ಗಡಿಕಲ್ಲುಗಳು.

ಅನಪೂ

1982ರಲ್ಲಿ ಡೊರೊಥಿ ಪಾರಾ ರಾಜ್ಯದ ಅಲ್ತಮೀರಾದ ಬಿಷಪ್ ಎರ್ವಿನ್ ಕ್ರೊಯ್ಟ್ಲರ್ ಅವರ ಬಳಿ ಹೋಗಿ, ಬಡವರಲ್ಲಿ ಬಡವರಿರುವ ಕಡೆ ನನ್ನನ್ನು ಕಳಿಸಿ ಎಂದು ಕೇಳಿದರು. ಬಿಷಪ್ ತೋರಿಸಿದ್ದು ಅಲ್ತಮೀರಾದಿಂದ ಪೂರ್ವಕ್ಕಿರುವ ಹೆದ್ದಾರಿಯ ಭಾಗವನ್ನು, ಇಂದಿನ ಅನಪೂ ಸುತ್ತಲಿನ ಪ್ರದೇಶವನ್ನು. ಸರ್ಕಾರ ಕರೆದು ತಂದು ಕೈಬಿಟ್ಟ ಕುಟುಂಬಗಳಿದ್ದದ್ದು ಅಲ್ಲಿ.

ಸಿಸ್ಟರ್ ಡೊರೊಥಿ ಅಲ್ಲಿ ಬದುಕಿದ್ದು ಮರದ ಮನೆಯಲ್ಲಿ. ಮೈಮೇಲೆ ಉಡುಪು ಎಂದರೆ ಟೀ ಶರ್ಟು. ಊರವರ ಬಾಯಲ್ಲಿ ಅವರು ‘ಇರ್ಮಾ ಡೊರೊಥಿ’. ಇರ್ಮಾ ಎಂದರೆ ಸಹೋದರಿ. ಶಾಲೆಗಳನ್ನು ಕಟ್ಟಿಸಿದರು, ಶಾಲೆಗೆ ಬೇಕಾದ ಶಿಕ್ಷಕರನ್ನು ಅದೇ ಊರುಗಳಿಂದ ತಯಾರು ಮಾಡಿದರು. ಹೆಂಗಸರ ಸಂಘ, ರೈತರ ಸಂಘ ಕಟ್ಟಿದರು. ಕಾಡು ಪೂರ್ತಿ ಕಡಿಯದೆ ಮರಗಳ ನೆರಳಲ್ಲೇ ಕೋಕೊ ಮತ್ತು ಹಣ್ಣು ಬೆಳೆಯುವುದನ್ನು ಪ್ರಯೋಗಿಸಿದರು. ಒಂದು ಟೀ ಶರ್ಟಿನ ಮೇಲೆ ಹೀಗೆ ಬರೆದಿತ್ತು: ‘ಕಾಡಿನ ಸಾವು ನಮ್ಮ ಬದುಕಿನ ಕೊನೆ’. ಅದನ್ನು ತೊಟ್ಟ ಅವರ ಫೋಟೋ ಈಗ ಎಲ್ಲೆಡೆ ಸಿಗುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಅವರಿಗೆ ಸನ್ಮಾನ ಮಾಡಿ ಹಾರ ಹಾಕಲು ಅದೇ ದನದ ಸಾಹುಕಾರರೇ ಬರುತ್ತಿದ್ದರೇನೋ. ಶಾಲೆ ಕಟ್ಟುವ ಸಿಸ್ಟರ್ ಯಾರಿಗೂ ತೊಂದರೆಯಲ್ಲ. ತೊಂದರೆಯಾದದ್ದು ಅವರು ಕಡತ ಓದಲು ಕೂತಾಗ.

ಚರ್ಚಿನ ‘ಭೂ ಪಾಲನಾ ಆಯೋಗ’ 1975ರಿಂದ ರೈತರ ಪರವಾಗಿ ಕೆಲಸ ಮಾಡುತ್ತಿತ್ತು. ಡೊರೊಥಿ ಅದರ ಜೊತೆಗಿದ್ದರು. ಐದು ವರ್ಷದ ಷರತ್ತು ಅವರ ಕಣ್ಣಿಗೆ ಬಿತ್ತು. ಷರತ್ತು ಮುರಿದ ಪ್ರತಿ ತುಂಡೂ ಕಾನೂನಿನ ಪ್ರಕಾರ ಸರ್ಕಾರದ್ದೇ. ಸರ್ಕಾರದ್ದೆಂದ ಮೇಲೆ ಅದನ್ನು ಭೂರಹಿತರಿಗೆ ಕೊಡಬಹುದು. ಕ್ರಾಂತಿಯ ಮಾತೇ ಇಲ್ಲ ಇದರಲ್ಲಿ. ನಿಮ್ಮದೇ ಕಾಗದದಲ್ಲಿ ಬರೆದದ್ದನ್ನು ನೀವೇ ಪಾಲಿಸಿ ಎಂಬ ಅರ್ಜಿ, ಅಷ್ಟೇ. ಆ ಅರ್ಜಿ ಹಿಡಿದು ಅಲ್ತಮೀರಾ, ರಾಜ್ಯದ ರಾಜಧಾನಿ ಬೆಲೆಂ, ದೇಶದ ರಾಜಧಾನಿ ಬ್ರೆಸಿಲಿಯಾ ಎಂದು ಬಸ್ಸು ಹತ್ತಿ ಇಳಿದು, ಕಚೇರಿಗಳ ಬೆಂಚಿನ ಮೇಲೆ ಕಾದು ಕೂರುವುದು ಅವರ ದಿನಚರಿಯಾಯಿತು. ಆ ಬೆಂಚುಗಳ ಮೇಲೆ ಕಳೆದ ಗಂಟೆಗಳನ್ನು ಯಾರೂ ಹಾಡಿ ಹೊಗಳುವುದಿಲ್ಲ. ಅವರ ಸಾಧನೆ ಇರುವುದು ಅಲ್ಲಿ ಎಂದು ನನಗನ್ನಿಸುತ್ತದೆ.

ಇಪ್ಪತ್ತು, ಎಂಬತ್ತು

1999ರಲ್ಲಿ ಇಂಕ್ರಾ ಒಂದು ಹೊಸ ಬಗೆಯ ವಸತಿಯನ್ನು ತಂದಿತು: ‘ಸುಸ್ಥಿರ ಅಭಿವೃದ್ಧಿ ಯೋಜನೆ’. ಹೆಸರು ಒಣ, ಒಳಗಿನ ತಿರುಳು ಒಣವಲ್ಲ. ಬ್ರೆಜಿಲ್‌ನ ಅರಣ್ಯ ಕಾಯ್ದೆಯ ಪ್ರಕಾರ ಅಮೆಜಾನ್ ಕಾಡಿನಲ್ಲಿರುವ ಜಮೀನಿನ ಶೇ. 80 ಭಾಗವನ್ನು ಕಾಡಾಗಿಯೇ ಉಳಿಸಬೇಕು. ಹೊಸ ವಸತಿಯಲ್ಲಿ ಕುಟುಂಬಗಳು ಶೇ. 20 ಭಾಗದಲ್ಲಿ ಬೇಸಾಯ ಮಾಡುತ್ತವೆ. ಉಳಿದ ಕಾಡು ಎಲ್ಲರಿಗೂ ಸೇರಿದ್ದು. ಅದರಿಂದ ಕಾಯಿ, ಎಣ್ಣೆ, ಮಿತವಾಗಿ ಮರ ತೆಗೆದುಕೊಳ್ಳಬಹುದು, ನೆಲಸಮ ಮಾಡುವ ಹಾಗಿಲ್ಲ. ಇಲ್ಲಿ ಹಕ್ಕುಪತ್ರ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಸಿಗುವುದಿಲ್ಲ, ಬಳಕೆಯ ಹಕ್ಕು ಸಮುದಾಯಕ್ಕೆ ಒಟ್ಟಾಗಿ ಬರುತ್ತದೆ.

ಒಟ್ಟಾಗಿ ಏಕೆ? ಬಡವನಿಗೆ ಸ್ವಂತ ಹಕ್ಕುಪತ್ರ ಸಿಕ್ಕಿತು ಎನ್ನೋಣ. ಮಗುವಿಗೆ ಜ್ವರ ಬರುತ್ತದೆ, ಬೆಳೆ ಕೈಕೊಡುತ್ತದೆ, ರಾತ್ರಿ ಯಾರೋ ಬಂದು ಗುಡಿಸಲಿಗೆ ಬೆಂಕಿ ಇಟ್ಟು ಬೆಳಿಗ್ಗೆ ಇನ್ನೊಬ್ಬ ಬಂದು ‘ಎಷ್ಟಕ್ಕೆ ಕೊಡುತ್ತೀಯ’ ಎನ್ನುತ್ತಾನೆ. ಅವನು ಮಾರಿಬಿಡುತ್ತಾನೆ. ಹೀಗೆ ಹತ್ತು ಮಂದಿ ಮಾರಿದರೆ ಮತ್ತೆ ಅದೇ ದೊಡ್ಡ ದನದ ಹಟ್ಟಿ. ಸಮುದಾಯದ ಹೆಸರಿನ ಜಮೀನನ್ನು ಹಾಗೆ ಕೊಳ್ಳಲು ಬರುವುದಿಲ್ಲ. ದನದ ಸಾಹುಕಾರರಿಗೂ ಮರದ ವ್ಯಾಪಾರಿಗಳಿಗೂ ಮಾಮೂಲಿ ವಸತಿಗಿಂತ ಇದು ಹೆಚ್ಚು ಉರಿ ತರಿಸಿದ್ದು ಇದಕ್ಕಾಗಿ. ಮಾಮೂಲಿ ವಸತಿ ಅವರಿಗೆ ತಾತ್ಕಾಲಿಕ ಅಡಚಣೆ. ಇದು ಬಾಗಿಲಿಗೆ ಬೀಗ.

ಅನಪೂ ಬಳಿ ಇಂಥ ಎರಡು ವಸತಿಗಳು ಬಂದವು: ವಿರೋಲಾ ಜತೊಬಾ ಮತ್ತು ಎಸ್ಪೆರಾನ್ಸಾ. ಎರಡನೆಯದರ ಅರ್ಥ ‘ಭರವಸೆ’. 55ನೇ ನಂಬರಿನ ಜಮೀನು ಇದ್ದದ್ದು ಅಲ್ಲಿ. ಮೂರು ಸಾವಿರ ಹೆಕ್ಟೇರ್. ಮೂಲ ಕರಾರುದಾರ ಷರತ್ತು ಪೂರೈಸಿರಲಿಲ್ಲ ಎಂಬುದು ಸರ್ಕಾರದ ವಾದ. ಹಾಗಿದ್ದ ಮೇಲೆ ಅದು ಎಸ್ಪೆರಾನ್ಸಾದ ಕುಟುಂಬಗಳಿಗೆ ಸಲ್ಲಬೇಕು. ಆದರೆ ಜಮೀನು ಕೈ ಬದಲಿಸಿ ರೆಜಿವಾಲ್ಡೊ ಪೆರೇರಾ ಗಲ್ವಾವೊ ಎಂಬ ಸಾಹುಕಾರನಿಂದ ವಿಟಲ್ಮಿರೊ ಬಾಸ್ಟೊಸ್ ಡಿ ಮೌರಾಗೆ ಬಂದಿತ್ತು. ಊರವರು ಇವನನ್ನು ಕರೆಯುತ್ತಿದ್ದದ್ದು ‘ಬಿಡಾ’ ಎಂದು.

2004ರಲ್ಲಿ ಡೊರೊಥಿ ಬ್ರೆಸಿಲಿಯಾದ ಸಂಸತ್ತಿನ ಭೂ ವಿಚಾರಣಾ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದರು. ಅದೇ ವರ್ಷ ವಕೀಲರ ಸಂಘದಿಂದ ಮಾನವ ಹಕ್ಕು ಪ್ರಶಸ್ತಿ ಬಂತು. ರೈತರಿಗೆ ಮದ್ದುಗುಂಡು ಒದಗಿಸುತ್ತಿದ್ದಾರೆ, ದಂಗೆ ಎಬ್ಬಿಸುತ್ತಿದ್ದಾರೆ ಎಂಬ ಆರೋಪವನ್ನೂ ಅದೇ ಕಾಲಕ್ಕೆ ಅವರು ಎದುರಿಸಬೇಕಾಯಿತು. ಕೊಲೆಗೆ ಕೆಲವೇ ದಿನ ಮುಂಚೆ ಮಾನವ ಹಕ್ಕು ಅಧಿಕಾರಿಗಳನ್ನು ಕಂಡು, ರೈತರಿಗೆ ಜೀವ ಬೆದರಿಕೆ ಇದೆ ಎಂದು ದೂರು ಹೇಳಿ ಬಂದಿದ್ದರು.

ಫೆಬ್ರವರಿ ಅಲ್ಲಿ ಮಳೆಗಾಲ. ಆ ಶನಿವಾರ ಬೆಳಿಗ್ಗೆ ಏಳೂವರೆಯ ಸುಮಾರಿಗೆ ಸಿಸ್ಟರ್ ಡೊರೊಥಿ ಎಸ್ಪೆರಾನ್ಸಾದಲ್ಲಿ ರೈತರ ಸಭೆಗೆ ನಡೆದು ಹೊರಟಿದ್ದರು. ಅಡ್ಡಗಟ್ಟಿದ ಇಬ್ಬರಿಗೂ ಅವರು ಪರಿಚಯದವರೇ. ನಿಮ್ಮ ಬಳಿ ಆಯುಧವಿದೆಯೇ ಎಂದು ಕೇಳಿದರು. ಡೊರೊಥಿ ಬೈಬಲ್ ತೆಗೆದು ತೋರಿಸಿ, ನನ್ನ ಆಯುಧ ಇದೊಂದೇ ಎಂದರು. ‘ಆತ್ಮದಲ್ಲಿ ಬಡವರಾಗಿರುವವರು ಧನ್ಯರು’ ಎಂಬಲ್ಲಿಂದ ಓದತೊಡಗಿದರು. ಆರು ಗುಂಡು ಬಿದ್ದವು. ಹಿಂದೆ ಬರುತ್ತಿದ್ದ ರೈತನೊಬ್ಬ ಪೊದೆಯಲ್ಲಿ ಅಡಗಿ ನೋಡಿದ. ಈ ವಿವರಗಳು ತಿಳಿದದ್ದು ಅವನ ಸಾಕ್ಷ್ಯದಿಂದ ಮತ್ತು ಕೊಂದವರ ಹೇಳಿಕೆಯಿಂದ. ಕೆಲಸಕ್ಕೆ ಒಪ್ಪಿದ ಕೂಲಿ 50,000 ಬ್ರೆಜಿಲಿಯನ್ ರಿಯಲ್ ಎಂದು ಪ್ರಾಸಿಕ್ಯೂಷನ್ ಹೇಳಿತು.

ತೀರ್ಪು, ಮರುತೀರ್ಪು

ಅಮೆಜಾನಿನಲ್ಲಿ ಭೂಹೋರಾಟಗಾರರ ಕೊಲೆ ಹೊಸತಲ್ಲ. ರಬ್ಬರ್ ಕಾರ್ಮಿಕರ ನಾಯಕ ಶಿಕೊ ಮೆಂಡಿಸ್ ಸತ್ತದ್ದು 1988ರಲ್ಲಿ. ಹೆಸರಿಲ್ಲದೆ ಸತ್ತ ರೈತರು ಬಹಳ. ಹೆಚ್ಚಿನ ಪ್ರಕರಣಗಳು ನ್ಯಾಯಾಲಯದ ಬಾಗಿಲಿಗೇ ಬರಲಿಲ್ಲ. ಡೊರೊಥಿ ಪ್ರಕರಣ ಬಂತು, ಬೇಗ ಬಂತು. ಅವರು ಬ್ರೆಜಿಲ್ ಪೌರತ್ವ ಪಡೆದಿದ್ದರೂ ಹುಟ್ಟಿನಿಂದ ಅಮೆರಿಕದವರು, ಬಿಳಿಯರು, ಸನ್ಯಾಸಿನಿ. ಆ ಭಾಗದ ಕಪ್ಪು ರೈತನ ಸಾವಿಗೆ ಸಿಗದ ಸುದ್ದಿ ಅವರ ಸಾವಿಗೆ ಸಿಕ್ಕಿತು. ಕಹಿಯಾದರೂ ಹೇಳದೆ ಬಿಡುವಂತಿಲ್ಲ.

ಅಧ್ಯಕ್ಷ ಲುಲಾ ಎರಡು ಸಾವಿರ ಸೈನಿಕರನ್ನು ಪಾರಾಕ್ಕೆ ಕಳಿಸಿದರು. ಐದೇ ದಿನದಲ್ಲಿ ಅದೇ ರಾಜ್ಯದ ‘ತೆರ್ರಾ ದೊ ಮೆಯೊ’ ಪ್ರದೇಶದಲ್ಲಿ 33 ಲಕ್ಷಕ್ಕೂ ಹೆಚ್ಚು ಹೆಕ್ಟೇರ್ ಕಾಡನ್ನು ರಕ್ಷಿತ ಎಂದು ಘೋಷಿಸಿದರು. ವರ್ಷಗಳಿಂದ ಮೇಜಿನ ಮೇಲೆ ಕೊಳೆಯುತ್ತಿದ್ದ ಪ್ರಸ್ತಾವಕ್ಕೆ ಐದು ದಿನ ಸಾಕಾಯಿತು.

ಗುಂಡು ಹೊಡೆದವನಿಗೂ ಅವನ ಜೊತೆಗಿದ್ದವನಿಗೂ 2005ರ ಡಿಸೆಂಬರಿನಲ್ಲೇ 27 ಮತ್ತು 17 ವರ್ಷ ಸಜೆಯಾಯಿತು. ಹೊಡೆಸಿದವರ ಕತೆ ಬೇರೆ. ಬಿಡಾಗೆ 2007ರಲ್ಲಿ 30 ವರ್ಷ. ಆಗಿನ ಬ್ರೆಜಿಲ್ ಕಾನೂನಿನಲ್ಲಿ, ಜ್ಯೂರಿ ವಿಚಾರಣೆಯಲ್ಲಿ 20 ವರ್ಷ ಅಥವಾ ಹೆಚ್ಚು ಶಿಕ್ಷೆಯಾದವರು ಕೇಳಿದರೆ ಇನ್ನೊಂದು ವಿಚಾರಣೆ ತಾನಾಗಿ ಸಿಗುತ್ತಿತ್ತು. 2008ರ ಎರಡನೇ ವಿಚಾರಣೆಯಲ್ಲಿ ಗುಂಡು ಹೊಡೆದವನು ಮಾತು ತಿರುಗಿಸಿ, ಯಾರೂ ಹೇಳಿಸಿಲ್ಲ, ನಾನೇ ಕೊಂದೆ ಎಂದ. ಬಿಡಾ ಬಿಡುಗಡೆಯಾದ. ಆ ಮರುವಿಚಾರಣೆಯ ನಿಯಮವನ್ನು ಅದೇ ವರ್ಷ ತೆಗೆದುಹಾಕಲಾಯಿತು. 2009ರಲ್ಲಿ ಬಿಡುಗಡೆ ರದ್ದು, 2010ರಲ್ಲಿ ಮತ್ತೆ 30 ವರ್ಷ, 2013ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಿಂದ ಅದೂ ರದ್ದು, ಸೆಪ್ಟೆಂಬರಿನಲ್ಲಿ ಮತ್ತೆ 30 ವರ್ಷ. ಓದುವುದಕ್ಕೇ ತಲೆ ತಿರುಗುತ್ತದೆ; ವಿಚಾರಣೆಗಳಿಗೆ ಡೊರೊಥಿಯ ಒಡಹುಟ್ಟಿದವರೂ ಅನಪೂ ರೈತರೂ ಬೆಲೆಂ ನ್ಯಾಯಾಲಯಕ್ಕೆ ಬರುತ್ತಿದ್ದರು.

ರೆಜಿವಾಲ್ಡೊ ಮಾತ್ರ ಬಹಳ ಕಾಲ ನುಣುಚಿಕೊಂಡಿದ್ದ. 55ನೇ ನಂಬರಿಗೂ ನನಗೂ ಸಂಬಂಧವಿಲ್ಲ, ಮಾರಿ ಮುಗಿಸಿದ್ದೇನೆ ಎಂಬುದು ಅವನ ವಾದ. ಸಂಬಂಧವಿಲ್ಲದವನಿಗೆ ಕೊಲ್ಲಿಸುವ ಕಾರಣವೂ ಇಲ್ಲವಲ್ಲ! ಆದರೆ 2008ರ ಕೊನೆಗೆ ಅವನೇ ಇಂಕ್ರಾ ಕಚೇರಿಗೆ ಹೋಗಿ ಅದೇ ಜಮೀನು ತನ್ನದು ಎಂದು ಹಕ್ಕು ಹೇಳಿದ. ಆಸೆ ಬುದ್ಧಿಯನ್ನು ಮೀರಿತ್ತು. ಡಿಸೆಂಬರಿನಲ್ಲಿ ಭೂಕಬಳಿಕೆಯ ಆರೋಪದ ಮೇಲೆ ಬಂಧನವಾಯಿತು, 2010ರಲ್ಲಿ ಕೊಲೆಗೆ 30 ವರ್ಷ ಸಜೆಯಾಯಿತು. ಮೇಲ್ಮನವಿಗಳ ಬಲದಿಂದ ಒಳಗೆ ಹೊರಗೆ ಆಡುತ್ತಾ, ಶಿಕ್ಷೆ ಅನುಭವಿಸಲು ಅವನು ಜೈಲಿಗೆ ಹೋದದ್ದು 2019ರಲ್ಲಿ. ಕೊಲೆಯಾಗಿ ಹದಿನಾಲ್ಕು ವರ್ಷವಾಗಿತ್ತು.

ಇದರಿಂದ ಕಾಡು ಉಳಿಯಿತೇ? ಬ್ರೆಜಿಲ್‌ನ ಅಮೆಜಾನಿನಲ್ಲಿ 2004ರಲ್ಲಿ ಸುಮಾರು 27,800 ಚದರ ಕಿ.ಮೀ. ಕಾಡು ನಾಶವಾಗಿತ್ತು; 2012ರಲ್ಲಿ ಅದು ಸುಮಾರು 4,600ಕ್ಕೆ ಇಳಿಯಿತು. ಉಪಗ್ರಹ ಕಣ್ಗಾವಲು, ರಕ್ಷಿತ ಅರಣ್ಯ, ಸಾಲಕ್ಕೆ ಕಡಿವಾಣ, ಹೀಗೆ ಹಲವು ಕಾರಣ. ಅದನ್ನು ಒಬ್ಬರ ಸಾವಿನ ಲೆಕ್ಕಕ್ಕೆ ಬರೆಯುವುದು ಅತಿಯಾಯಿತು. ಆಮೇಲಿನ ವರ್ಷಗಳಲ್ಲಿ ನಾಶ ಮತ್ತೆ ಏರಿತು ಕೂಡ. ಎಸ್ಪೆರಾನ್ಸಾದ ಒಳಗೂ ಎಲ್ಲವೂ ಸರಿಯಿರಲಿಲ್ಲ. ಕೈಯಲ್ಲಿ ಕಾಸಿಲ್ಲದ ಕುಟುಂಬಕ್ಕೆ ಮರದ ವ್ಯಾಪಾರಿ ನೋಟು ತೋರಿಸಿದರೆ ಒಲ್ಲೆ ಎನ್ನುವುದು ಸುಲಭವಲ್ಲ. ಕೆಲವರು ಮರ ಮಾರಿದರು. 2011ರಲ್ಲಿ ಇನ್ನು ಕೆಲವರು ಮರದ ಲಾರಿಗಳನ್ನು ತಡೆಯಲು ರಸ್ತೆಗೆ ಅಡ್ಡ ಕೂತರು. ಶೇ. 80 ಕಾಡು ಕಾಯಿರಿ ಎಂದು ಬಡವರಿಗೆ ಹೇಳುವ ಸರ್ಕಾರ ಕಾವಲಿನ ಖರ್ಚನ್ನೂ ಅವರ ತಲೆಗೇ ಕಟ್ಟಿದ್ದು ಈ ಯೋಜನೆಯ ದೊಡ್ಡ ಕೊರತೆ.

ವಿಶ್ವಸಂಸ್ಥೆ 2008ರಲ್ಲಿ ಡೊರೊಥಿಗೆ ಮರಣೋತ್ತರ ಮಾನವ ಹಕ್ಕು ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ, ಅವರ ರಕ್ತ ಬಿದ್ದ ಮಣ್ಣಿನ ಒಂದಿಷ್ಟನ್ನು ರೋಮ್‌ನಲ್ಲಿ ಆಧುನಿಕ ರಕ್ತಸಾಕ್ಷಿಗಳ ಸ್ಮಾರಕವಾಗಿರುವ ಸಂತ ಬಾರ್ತೊಲೊಮೆಯೊ ಬಸಿಲಿಕಾದಲ್ಲಿ ಇರಿಸಿದರು. ಅನಪೂವಿನಲ್ಲಿ ಅವರ ಸಮಾಧಿಯ ಬಳಿ ಒಂದು ಕೆಂಪು ಶಿಲುಬೆ ಇದೆ. ಅದರ ಮೇಲಿರುವುದು ಅವರ ಹೆಸರಲ್ಲ, ಅವರ ನಂತರ ಅದೇ ತಾಲೂಕಿನ ಭೂಜಗಳಗಳಲ್ಲಿ ಕೊಲೆಯಾದ ರೈತರ ಹೆಸರುಗಳು. ಡೊರೊಥಿ ಜೊತೆ ಕೆಲಸ ಮಾಡಿದ್ದ ಪಾದ್ರಿಯೊಬ್ಬರನ್ನು 2018ರಲ್ಲಿ ಬಂಧಿಸಿ ಮೂರು ತಿಂಗಳು ಜೈಲಿನಲ್ಲಿಟ್ಟಿದ್ದರು.

ಜುಲೈ ತಿಂಗಳಲ್ಲಿ, ಮಳೆ ನಿಂತು ರಸ್ತೆ ಒಣಗಿದ ಮೇಲೆ, ಆ ಭಾಗದ ಜನ ‘ಕಾಡಿನ ಯಾತ್ರೆ’ ಹೊರಡುತ್ತಾರೆ. ಸಮಾಧಿಯಿಂದ ಶುರುವಾಗಿ, ರಾತ್ರಿ ದಾರಿಯಲ್ಲೇ ತಂಗುತ್ತಾ, ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ನಡೆದು ಕೊಲೆಯಾದ ಜಾಗ ಮುಟ್ಟುತ್ತಾರೆ. ದಾರಿಯ ಒಂದು ಕಡೆ ಹುಲ್ಲು, ದನ, ತಂತಿ ಬೇಲಿ. ಎಸ್ಪೆರಾನ್ಸಾ ಹತ್ತಿರವಾದಂತೆ ಮರಗಳ ನೆರಳಲ್ಲಿ ಕೋಕೊ ಗಿಡಗಳು ಕಾಣಿಸಿಕೊಳ್ಳುತ್ತವೆ.